ಆಪ್ಷನ್ ಎಂಟ್ರಿಗೆ ಮುಂಚೆ ನಾನು ಸುತ್ತಿದ ಜಾಗಗಳು

ಕೋಲಾರದಲ್ಲಿ ದ್ವಿತೀಯ ಪಿಯುಸಿ ಓದುವಾಗ ನನಗೆ ಗೊತ್ತಿದ್ದ ಕೆಲಸಗಳನ್ನು ಎಣಿಸೋಕೆ ಒಂದು ಕೈಯ ಬೆರಳು ಸಾಕಿತ್ತು. ಡಾಕ್ಟರು, ಇಂಜಿನಿಯರು, ಮೇಷ್ಟ್ರು, ಬ್ಯಾಂಕು, ಪೊಲೀಸು. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಹೊಟ್ಟೆಪಾಡು ಮಾವಿನ ತೋಟದ್ದು. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡಿದ್ದು ಕೂಡ ‘ಮುಂದೆ ಯಾವ ಕಡೆ ಬೇಕಾದರೂ ಹೋಗಬಹುದು’ ಅಂತ ಯಾರೋ ಹೇಳಿದ್ದಕ್ಕೆ. ಯಾವ ಕಡೆ ಏನಿದೆ ಅಂತ ಹೋಗಿ ನೋಡಿಬಂದವರು ಮಾತ್ರ ನಮ್ಮ ಮನೆತನದಲ್ಲಿ ಒಬ್ಬರೂ ಇರಲಿಲ್ಲ.

ವೃತ್ತಿ ಮಾರ್ಗದರ್ಶನ ಅಂತ ಕಾಲೇಜಿನಲ್ಲಿ ಒಂದು ಕಾರ್ಯಕ್ರಮ ಆಯಿತು. ಬಂದಿದ್ದವರು ಯಾವುದೋ ಖಾಸಗಿ ಕಾಲೇಜಿನವರು. ದೊಡ್ಡ ದೊಡ್ಡ ಸಂಬಳದ ಸ್ಲೈಡು ತೋರಿಸಿ, ಒಂದೊಂದು ಪೆನ್ನು ಕೊಟ್ಟು, ಒಂದು ಫಾರಂ ತುಂಬಿಸಿಕೊಂಡು ಹೋದರು. ಅದರಲ್ಲಿ ಅಪ್ಪನ ನಂಬರು ಬರೆದವರ ಮನೆಗೆಲ್ಲ ಆಮೇಲೆ ತಿಂಗಳುಗಟ್ಟಲೆ ಫೋನು. ಸೀಟು ಮಾರೋರ ಹತ್ತಿರ ದಾರಿ ಕೇಳಿದರೆ ಅವರ ಗೇಟಿಗೇ ಕರಕೊಂಡು ಹೋಗ್ತಾರೆ, ಅದರಲ್ಲಿ ಆಶ್ಚರ್ಯ ಏನಿಲ್ಲ.

ಹಾಗಾಗಿ 2025ರ ಏಪ್ರಿಲ್‌ನಲ್ಲಿ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ಬರೆದು ಮುಗಿಸಿದ ಮೇಲೆ, ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕೋರ್ಸು-ಕಾಲೇಜುಗಳ ಪಟ್ಟಿ ತುಂಬೋದು, ಶುರುವಾಗೋವರೆಗಿನ ಬಿಡುವಿನಲ್ಲಿ ನಾನೇ ಹೊರಟೆ. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ ಯಾರು ಯಾರು ಏನೇನು ಕೆಲಸ ಮಾಡ್ತಾರೆ ಅಂತ ಅಮ್ಮನ ಹತ್ತಿರ ಕೇಳಿ ಪಟ್ಟಿ ಮಾಡಿದೆ. ಅಮ್ಮನಿಗೆ ಎಲ್ಲರ ಮದುವೆ, ಬಾಣಂತನ, ನೌಕರಿ ಗೊತ್ತು. ಪಟ್ಟಿಯಲ್ಲಿ ಕೆಲಸಕ್ಕೆ ಸೇರಿ ಎರಡರಿಂದ ಐದು ವರ್ಷ ಆದವರನ್ನು ಮಾತ್ರ ಇಟ್ಟುಕೊಂಡೆ. ರಿಟೈರ್ ಆದ ದೊಡ್ಡವರು ಪ್ರೀತಿಯಿಂದಲೇ ಮಾತಾಡ್ತಾರೆ, ಆದರೆ ಅವರು ಹೇಳೋದು ಅವರು ಸೇರಿದ ಕಾಲದ ಕೆಲಸ. ನಿನ್ನೆ ಮೊನ್ನೆ ಸೇರಿದವರು ಇನ್ನೂ ಖುಷಿಯಲ್ಲೇ ಇರ್ತಾರೆ.

ಏನು ಕೇಳಬೇಕು ಅನ್ನೋದು ಎರಡು ಮೂರು ಜನರನ್ನು ನೋಡಿದ ಮೇಲೆ ತಾನಾಗಿ ಹದಕ್ಕೆ ಬಂತು. ‘ಕೆಲಸ ಹೇಗಿದೆ’ ಅಂದರೆ ಎಲ್ಲರೂ ‘ಪರವಾಗಿಲ್ಲಮ್ಮ’ ಅಂತಾರೆ. ‘ನಿನ್ನೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಏನೇನು ಮಾಡಿದ್ರಿ’ ಅಂದರೆ ಕೆಲಸ ಕಾಣಿಸುತ್ತೆ. ಸಂಬಳ ಎಷ್ಟು ಅಂತ ನೇರ ಕೇಳೋದು ನಮ್ಮ ಕಡೆ ಮರ್ಯಾದೆ ಅಲ್ಲ, ಅದಕ್ಕೆ ‘ನನ್ನಂಥವಳು ಈಗ ಸೇರಿದ್ರೆ ಮೊದಲನೇ ತಿಂಗಳು ಕೈಗೆ ಎಷ್ಟು ಬರುತ್ತೆ’ ಅಂತ ಕೇಳುತ್ತಿದ್ದೆ, ಯಾರೂ ಮುಚ್ಚಿಡಲಿಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ‘ನಿಮ್ಮ ಜೊತೆ ಓದಿದವರೆಲ್ಲ ಈಗ ಎಲ್ಲೆಲ್ಲಿದ್ದಾರೆ’ ಅನ್ನೋ ಪ್ರಶ್ನೆ. ಫ್ಲೆಕ್ಸಿನಲ್ಲಿ ಹಾಕೋದು ಮೊದಲನೇ ರ‍್ಯಾಂಕಿನವರ ಫೋಟೋ. ಕ್ಲಾಸಿನಲ್ಲಿ ಉಳಿದವರು ಏನಾದರು ಅಂತ ಯಾವ ಫ್ಲೆಕ್ಸೂ ಹೇಳಲ್ಲ. ನಾನು ಆ ಉಳಿದವರ ಪೈಕಿ ಒಬ್ಬಳಾಗುವ ಸಾಧ್ಯತೆಯೇ ಹೆಚ್ಚಲ್ಲವೇ?

ಮೊದಲು ಹೋಗಿದ್ದು ನರಸಾಪುರಕ್ಕೆ, ದೊಡ್ಡಪ್ಪನ ಮಗಳು ಅಕ್ಕ ಇರೋ ಪಿಜಿಗೆ. ಹೋಂಡಾದವರ ಸ್ಕೂಟರ್ ಕಾರ್ಖಾನೆ 2013ರಲ್ಲಿ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವ ಘಟಕವೂ ಬಂತು. ಈಗ ಆ ಕಡೆ ಹಳ್ಳಿಗಳಲ್ಲೆಲ್ಲ ಬಾಡಿಗೆ ಕೋಣೆ, ಕಂಪನಿ ಬಸ್ಸು, ಕೊರಳಲ್ಲಿ ಟ್ಯಾಗು. ಅಕ್ಕ ಇರೋದು ಅಲ್ಲಿನ ಒಂದು ಕಾರ್ಖಾನೆಯ ಜೋಡಣೆ ಲೈನಿನಲ್ಲಿ. ಒಳಗೆ ನನ್ನನ್ನು ಬಿಡುವುದಿಲ್ಲ, ಆದರೆ ಅವಳ ಪೇ ಸ್ಲಿಪ್ ನೋಡಿದೆ. ಪಿಎಫ್, ಇಎಸ್‌ಐ, ಊಟ, ಬಸ್ಸು, ಎಲ್ಲ ಕಳೆದು ಕೆಳಗಿನ ಸಾಲಿಗೆ ಬರೋದೇ ನಿಜವಾದ ಸಂಬಳ ಅಂತ ತಿಳಿದಿದ್ದು ಅಲ್ಲೇ. ಅವಳು ಹೇಳಿದ ಇನ್ನೊಂದು ಮಾತು ಪಿಯುಸಿ ಮುಗಿಸಿದವರೆಲ್ಲ ಕೇಳಬೇಕಾದ್ದು: ಪಿಯುಸಿ ಸರ್ಟಿಫಿಕೇಟ್ ಹಿಡಿದು ಹೋದವರೂ ಐಟಿಐ, ಡಿಪ್ಲೊಮಾ ಮಾಡಿದವರೂ ಒಂದೇ ಗೇಟಿನಲ್ಲಿ ಒಳಗೆ ಹೋಗ್ತಾರೆ, ಮೇಲೆ ಹತ್ತೋ ಮೆಟ್ಟಿಲು ಬೇರೆ ಬೇರೆ. ಮೆಷಿನ್ ಕೆಟ್ಟಾಗ ಕರೆಯೋದು ಡಿಪ್ಲೊಮಾದವರನ್ನ. ಸರ್ಕಾರಿ ತರಬೇತಿ ಸಂಸ್ಥೆ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಂಥದ್ದೇ ಒಂದು ದಾರಿ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅದಕ್ಕೆ ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಬಹುದಿತ್ತು. ನನ್ನ ತಮ್ಮನಿಗೆ ಅದನ್ನು ಹೇಳಿಟ್ಟಿದ್ದೇನೆ.

ಆಸ್ಪತ್ರೆಯ ಲ್ಯಾಬಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಅಲ್ಲಿಂದ ಬರುವಾಗ ಇದೇ ಓದಬೇಕು ಅಂತ ಹೆಚ್ಚುಕಡಿಮೆ ತೀರ್ಮಾನ ಮಾಡಿದ್ದೆ. ನಮ್ಮೂರಿನ ಅಕ್ಕ ಒಬ್ಬರು ಬಿ.ಎಸ್ಸಿ. ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಮಾಡಿ ಕೋಲಾರದ ಒಂದು ಲ್ಯಾಬಿನಲ್ಲಿದ್ದಾರೆ. ಬೆಳಿಗ್ಗೆ ಹೊತ್ತು ಖಾಲಿ ಹೊಟ್ಟೆಯ ಶುಗರ್‌ಗೆ ಬಂದವರ ಸಾಲು ಬಾಗಿಲಾಚೆವರೆಗೂ ಇರುತ್ತೆ. ಅವರ ಟ್ರೇಯಲ್ಲಿ ಬಣ್ಣ ಬಣ್ಣದ ಮುಚ್ಚಳದ ಟ್ಯೂಬುಗಳು. ಬೂದು ಬಣ್ಣದ್ದು ಶುಗರ್‌ಗೆ, ನೇರಳೆಯದು ರಕ್ತಕಣ ಎಣಿಸೋಕೆ, ತಿಳಿನೀಲಿ ರಕ್ತ ಹೆಪ್ಪುಗಟ್ಟುವ ಹೊತ್ತು ನೋಡೋಕೆ, ಕೆಂಪು ಇಲ್ಲವೇ ಹಳದಿ ಸೀರಂಗೆ. ಒಂದೇ ಸೂಜಿಯಲ್ಲಿ ನಾಲ್ಕೂ ತುಂಬಬೇಕಾದರೆ ನೀಲಿ ಮೊದಲು, ಆಮೇಲೆ ಕೆಂಪು, ಆಮೇಲೆ ನೇರಳೆ, ಬೂದು ಕಡೆಗೆ.

‘ಯಾಕಕ್ಕ, ಹೆಂಗೆ ತಗೊಂಡ್ರೂ ರಕ್ತ ಒಂದೇ ಅಲ್ವಾ?’

‘ನೇರಳೆ ಟ್ಯೂಬಲ್ಲಿ ಇಡಿಟಿಎ ಇರುತ್ತೆ ಕಣೇ. ಅದು ಒಂಚೂರು ಸೂಜಿಗೆ ತಾಗಿ ಕೆಂಪು ಟ್ಯೂಬಿಗೆ ಹೋದ್ರೆ ಪೊಟ್ಯಾಷಿಯಂ ಜಾಸ್ತಿ ತೋರಿಸುತ್ತೆ, ಕ್ಯಾಲ್ಷಿಯಂ ಕಮ್ಮಿ ತೋರಿಸುತ್ತೆ. ಡಾಕ್ಟರು ಅದನ್ನೇ ನೋಡಿ ಔಷಧಿ ಬರೀತಾರೆ.’

ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠದಲ್ಲಿ ಆರು ಕಡೆಯಿಂದ ಲೋಹವನ್ನು ಹಿಡಿಯುವ ಲಿಗ್ಯಾಂಡ್ ಅಂತ ಉರು ಹೊಡೆದಿದ್ದ ಇಡಿಟಿಎ! ಅದು ಕ್ಯಾಲ್ಷಿಯಂ ಹಿಡಿದಿಟ್ಟುಕೊಳ್ಳೋದರಿಂದಲೇ ಟ್ಯೂಬಿನ ರಕ್ತ ಹೆಪ್ಪುಗಟ್ಟಲ್ಲ. ಎರಡು ಮಾರ್ಕಿನ ಪ್ರಶ್ನೆಗೆ ಇಷ್ಟು ಕೆಲಸ ಇದೆ ಅಂತ ಯಾರೂ ಹೇಳಿರಲಿಲ್ಲ. ನನಗೆ ಲ್ಯಾಬ್ ಇಷ್ಟವಾಗಿದ್ದು ಅದಕ್ಕೇ. ಆದರೆ ಜೊತೆಯವರೆಲ್ಲ ಎಲ್ಲಿದ್ದಾರೆ ಅಂತ ಕೇಳಿದಾಗ ಅಕ್ಕ ಬೆರಳು ಮಡಚಿ ಹೇಳಿದರು. ಕೆಲವರು ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ರಾತ್ರಿ ಪಾಳಿ, ಕೆಲವರು ಬೈಕಿನಲ್ಲಿ ಮನೆಮನೆಗೆ ಹೋಗಿ ಸ್ಯಾಂಪಲ್ ತರೋರು, ಒಬ್ಬರು ಗಲ್ಫಿನಲ್ಲಿ, ಹುಡುಗಿಯರಲ್ಲಿ ಸುಮಾರು ಜನ ಮದುವೆ ಆದ ಮೇಲೆ ಬಿಟ್ಟರು. ಸರ್ಕಾರಿ ಹುದ್ದೆ ಸಿಕ್ಕಿದವರು ಅಪರೂಪ. ಅಷ್ಟು ಹೊತ್ತು ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತಿದ್ದ ನನಗೆ ಆಚೆ ಬಂದಾಗ ಬಿಸಿಲು ಹಿತವಾಗಿತ್ತು ಅನ್ನೋದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಇಂಥ ಸಣ್ಣ ವಿಷಯವನ್ನೂ ಬಿಡಬಾರದು. ನಾಲ್ಕು ವರ್ಷ ಓದಿ ಮೂವತ್ತು ವರ್ಷ ಇರಬೇಕಾದ ಜಾಗ ಅದು.

ನಾಡಕಚೇರಿಯ ಗ್ರಾಮ ಆಡಳಿತಾಧಿಕಾರಿ ಮೇಡಂ ಪಹಣಿ, ಪೌತಿ ಖಾತೆ, ಜಾತಿ-ಆದಾಯ ಪ್ರಮಾಣಪತ್ರಗಳ ನಡುವೆಯೇ ಮಾತಾಡಿದರು. ಜನ ಇವತ್ತಿಗೂ ವಿಲೇಜ್ ಅಕೌಂಟೆಂಟ್ ಅಂತಲೇ ಕರೆಯೋ ಹುದ್ದೆ. 2024ರಲ್ಲಿ 1000 ಹುದ್ದೆಗೆ ಪರೀಕ್ಷೆ ನಡೆದಾಗ ಪಿಯುಸಿ ಆಗಿದ್ದರೆ ಸಾಕಿತ್ತು, ಆದರೆ ಪೈಪೋಟಿ ಡಿಗ್ರಿಯವರ ಜೊತೆ. ‘ಇದು ಎಲ್ಲಿಗೂ ಓಡಿ ಹೋಗಲ್ಲ, ಡಿಗ್ರಿ ಓದ್ತಾನೇ ಬರೀಬಹುದು. ಇದೊಂದನ್ನೇ ನಂಬಿಕೊಂಡು ಮನೇಲಿ ಕೂರಬೇಡ’ ಅಂದರು. ಇಂಜಿನಿಯರಿಂಗ್ ಬಗ್ಗೆ ಕೇಳೋಕೆ ಹೆಚ್ಚು ಸುತ್ತಬೇಕಾಗಿರಲಿಲ್ಲ, ಪ್ರತಿ ಬೀದಿಯಲ್ಲಿ ಒಬ್ಬರಿದ್ದಾರೆ. ಕಂಪ್ಯೂಟರ್ ಸೈನ್ಸ್ ಮಾಡಿದ ಅಣ್ಣ ತನ್ನ ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಅರ್ಧ ದಿನ ಪಕ್ಕದಲ್ಲಿ ಕೂತು ನೋಡಿದೆ. ನನಗೆ ನಿದ್ದೆ ಬಂತು. ಅಷ್ಟೇ.

ತೋಟಗಾರಿಕೆ ಪಟ್ಟಿಯಲ್ಲಿ ಕೊನೆಗಿತ್ತು. ಕೋಲಾರದ ಹತ್ತಿರವೇ ತರಕಾರಿ ಸಸಿ ಬೆಳೆಸೋ ನರ್ಸರಿಯೊಂದರಲ್ಲಿ ಬಿ.ಎಸ್ಸಿ. ತೋಟಗಾರಿಕೆ ಮಾಡಿದ ಅಣ್ಣ ಒಬ್ಬರು ಮೇಲ್ವಿಚಾರಕರು. 98 ಕುಳಿಯ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಕುಳಿಗೊಂದು ಟೊಮೆಟೊ ಬೀಜ ಹಾಕಿ, ನೀರು ಕೊಟ್ಟು, ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸ್ತಾರೆ. ಮೊಳಕೆ ಕಾಣುತ್ತಿದ್ದ ಹಾಗೇ ನೆರಳು ಪರದೆ ಕೆಳಗೆ ಬಿಡಿಸಿಡಬೇಕು, ತಡವಾದರೆ ಸಸಿ ಬೆಳಕು ಹುಡುಕಿಕೊಂಡು ಸಣಕಲಾಗಿ ಉದ್ದಕ್ಕೆ ಬೆಳೆಯುತ್ತೆ. ಇಪ್ಪತ್ತೈದು ದಿನದ ಆಸುಪಾಸಿಗೆ ರೈತನ ಟೆಂಪೊ ಹತ್ತುತ್ತೆ. ಸುತ್ತ ಸಣ್ಣ ಕಣ್ಣಿನ ಬಲೆ, ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ಬಿಳಿನೊಣ ಒಳಗೆ ಬಂದರೆ ಎಲೆ ಮುದುರೋ ವೈರಸ್ಸು ಸಸಿಯ ಜೊತೆಗೇ ರೈತನ ಹೊಲಕ್ಕೆ ಹೋಗುತ್ತೆ. ಅಣ್ಣನ ದಿನದ ಅರ್ಧ ಭಾಗ ಫೋನಿನಲ್ಲೇ. ‘ಸಸಿ ಬಾಡ್ತಿದೆ’, ‘ಎಲೆ ಹಳದಿ ಆಯ್ತು’, ‘ದುಡ್ಡು ವಾಪಸ್ ಕೊಡಿ’. ಬೈಸಿಕೊಂಡೂ ಸಮಾಧಾನವಾಗಿ ‘ಫೋಟೋ ಕಳಿಸಿ ಗೌಡ್ರೇ’ ಅನ್ನುತ್ತಿದ್ದರು. ನಾನು ಎಲೆ ನೋಡಿ ಇದು ಗೊಬ್ಬರದ ಕೊರತೆ ಇರಬಹುದಾ ಅಂದಾಗ ಅವರು ಟ್ರೇ ಕೈಗೆ ಕೊಟ್ಟು, ‘ಹಳೇ ಎಲೆ ಮೊದಲು ಹಳದಿ ಆಗಿದ್ಯಾ, ಚಿಗುರಾ? ಅದು ನೋಡಿ ಹೇಳು’ ಅಂದರು. ಸಾರಜನಕ ಕಡಿಮೆಯಾದರೆ ಹಳೇ ಎಲೆ, ಕಬ್ಬಿಣಾಂಶ ಕಡಿಮೆಯಾದರೆ ಚಿಗುರು. ಮಧ್ಯಾಹ್ನದ ಊಟ ಮರೆತು ಸಾಲು ಸಾಲು ಟ್ರೇ ನೋಡಿಕೊಂಡು ಹೋದೆ.

ಅವರ ಜೊತೆ ಓದಿದವರಲ್ಲಿ ಹಲವರು ಇನ್ನೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ, ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆ ಯಾವಾಗ ಕರೀತಾರೋ ಅಂತ. ಕೆಲವರು ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಗಳು. ಬೀಜ, ಔಷಧಿ ಕಂಪನಿಗೆ ಸೇರಿದವರು ಬೈಕಿನಲ್ಲಿ ಊರೂರು ಸುತ್ತಿ ತಿಂಗಳ ಟಾರ್ಗೆಟ್ ಮುಟ್ಟಿಸಬೇಕು. ಒಂದಿಬ್ಬರು ಎಂ.ಎಸ್ಸಿ.ಗೆ ಹೋದರು. ಇದು ಕೂಡ ಹೂವಿನ ಹಾಸಿಗೆ ಏನಲ್ಲ, ಆದರೆ ಚದುರಿದ ದಾರಿಗಳು ಲ್ಯಾಬಿಗಿಂತ ಹೆಚ್ಚಿದ್ದವು.

ತೋಟಗಾರಿಕೆಗೇ ಸೇರ್ತೀನಿ ಅಂತ ಮನೆಯಲ್ಲಿ ಹೇಳಿದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ‘ತೋಟದಿಂದ ಆಚೆ ಹೋಗ್ಲಿ ಅಂತ ಓದ್ಸಿದ್ರೆ ತಿರುಗಿ ತೋಟಕ್ಕೇ ಬರ್ತೀಯಾ?’ ಅವರ ಮಾತಿನಲ್ಲಿ ನ್ಯಾಯ ಇತ್ತು. ಅದೇ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ಕಡೆಯ ತೋತಾಪುರಿ ಮಾವು ಒಳಗೆ ಬಾರದಂತೆ ತಡೆ ಹಾಕಿತ್ತು. ನಮ್ಮ ತೋತಾಪುರಿಯ ತಿರುಳು ತೆಗೆದು ಪಲ್ಪ್ ಮಾಡೋ ಕಾರ್ಖಾನೆಗಳು ಹೆಚ್ಚಾಗಿ ಇರೋದೇ ಆ ಕಡೆ. ಕೊಯ್ದ ಕಾಯಿ ರಾಶಿ ಬಿದ್ದು, ಶ್ರೀನಿವಾಸಪುರ ಬಂದ್ ಆಗಿ, ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ಅಂತ ಲೆಕ್ಕ ಹಾಕಿ ಬೆಲೆ ವ್ಯತ್ಯಾಸ ಕೊಡೋ ಯೋಜನೆ ಒಪ್ಪಿತು. ಅಂಥ ಹೊತ್ತಿನಲ್ಲಿ ತೋಟಗಾರಿಕೆ ಓದ್ತೀನಿ ಅಂದರೆ ಯಾರಿಗೆ ತಾನೆ ಹಿಡಿಸುತ್ತೆ?

ವಾದ ಮಾಡದೆ ಅವರನ್ನು ಕೋಲಾರದ ಟಮಕಕ್ಕೆ ಕರಕೊಂಡು ಹೋದೆ. ಅಲ್ಲಿರೋ ತೋಟಗಾರಿಕೆ ಕಾಲೇಜು ಬಾಗಲಕೋಟೆಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಪ್ಪ ನನ್ನ ಕೋರ್ಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಲ್ಲಿ ಸಿಕ್ಕ ಮೇಷ್ಟ್ರ ಹತ್ತಿರ ಮಾವಿನ ಹಣ್ಣುನೊಣದ ಬಗ್ಗೆ, ಗಂಡು ನೊಣವನ್ನು ಸೆಳೆಯುವ ಮೋಹಕ ಬಲೆಯನ್ನು ಎಕರೆಗೆ ಎಷ್ಟು ಕಟ್ಟಬೇಕು ಅನ್ನೋದರ ಬಗ್ಗೆ ಒಂದು ಗಂಟೆ ಮಾತಾಡಿದರು. ಬರುವಾಗ ಬಸ್ಸಿನಲ್ಲಿ ‘ಹೆಣ್ಮಕ್ಕಳ ಹಾಸ್ಟೆಲ್ ಇದ್ಯಂತಾ?’ ಅಂದರು. ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ಹೀಗೇ ಇರುತ್ತೆ.

ಇನ್ನು ಕಾಗದಪತ್ರ. ಕೃಷಿಕರ ಕೋಟಾಗೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಪ್ರಾಯೋಗಿಕ ಪರೀಕ್ಷೆಯೂ ಇರುತ್ತೆ. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಗುರುತಿಸಿ ಅಂತಾರೆ. ತೋಟದ ಮಕ್ಕಳಾದರೂ ನಮ್ಮ ಕಡೆ ಬೆಳೆಯದ ಬೆಳೆಗಳ ಬೀಜ ನೋಡಿಕೊಂಡು ಹೋಗಬೇಕು, ಮಾವು ರಾಗಿ ಗೊತ್ತಿದ್ದರೆ ಸಾಲದು. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತು ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮಕ್ಕೆ ಬೇರೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ರಜೆಗೆ ಮುಂಚೆ ಶಾಲೆಗೆ ಹೋಗಿ ಮಾಡಿಸಿಟ್ಟುಕೊಳ್ಳೋದು ಜಾಣತನ, ಹೆಡ್‌ಮಾಸ್ಟರು ಬೇಸಿಗೆಯಲ್ಲಿ ಸಿಗೋದು ಕಷ್ಟ.

ಆಪ್ಷನ್ ಎಂಟ್ರಿಯಲ್ಲಿ ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರು ನಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತೆ, ರ‍್ಯಾಂಕಿಗೆ ಎಟುಕಿದ ಮೊದಲನೆಯದನ್ನು ಕೊಡುತ್ತೆ. ಹಾಗಾಗಿ ಸಿಗಲಿಕ್ಕಿಲ್ಲ ಅನ್ನೋದನ್ನು ಮೇಲೆ ಹಾಕಿದರೆ ನಷ್ಟ ಇಲ್ಲ. ಬೇಡದ್ದನ್ನು ಮೇಲೆ ಹಾಕಿದರೆ ಅದೇ ಕೊರಳಿಗೆ ಬೀಳುತ್ತೆ. ನಾನು ತೋಟಗಾರಿಕೆಯನ್ನು ಟಮಕ, ಬೆಂಗಳೂರು, ಮೈಸೂರು ಅಂತ ಬರೆದು, ಕೆಳಗೆ ಆಹಾರ ತಂತ್ರಜ್ಞಾನದ ಬಿ.ಟೆಕ್., ಆಮೇಲೆ ಕೃಷಿ, ರೇಷ್ಮೆ ಹಾಕಿದೆ. ಇಂಜಿನಿಯರಿಂಗ್ ಹಾಕಲೇ ಇಲ್ಲ. ಅದಕ್ಕೆ ಮಾಮ ಇವತ್ತಿಗೂ ಮುನಿಸಿಕೊಂಡಿದ್ದಾರೆ. ಸೀಟು ಬಂದಾಗ ನಾಲ್ಕು ಚಾಯ್ಸ್ ಇರುತ್ತವೆ: ಒಪ್ಪಿ ಸೇರೋದು ಒಂದು, ಇದನ್ನು ಹಿಡಿದಿಟ್ಟುಕೊಂಡು ಮೇಲಿನದಕ್ಕೆ ಕಾಯೋದು ಎರಡು, ಬಿಟ್ಟು ಮುಂದಿನ ಸುತ್ತಿಗೆ ಹೋಗೋದು ಮೂರು, ಪೂರ್ತಿ ಹೊರಬರೋದು ನಾಲ್ಕು. ಟಮಕ ಬಂತು, ಒಂದು ಒತ್ತಿದೆ.

ನೋಡದೆ ಉಳಿದಿರೋದು ಪಲ್ಪ್ ಕಾರ್ಖಾನೆ. ಹಣ್ಣಿನ ಸಿಹಿ ಅಳೆದು ಬ್ರಿಕ್ಸ್ ಬರೆದುಕೊಳ್ಳೋರು, ಕಾಯಿ ತಿರಸ್ಕರಿಸೋರು, ಬೆಲೆ ಹೇಳೋರು ಎಲ್ಲ ಗೇಟಿನ ಆ ಕಡೆ ಇರ್ತಾರೆ, ನಾವು ಟ್ರಾಕ್ಟರ್ ಜೊತೆ ಈ ಕಡೆ. ಮುಂದಿನ ಸುಗ್ಗಿಗೆ ಲಾರಿಗಳು ಹೋಗೋದಾದರೆ ದೊಡ್ಡಪ್ಪನ ಲೋಡಿನ ಜೊತೆ ಹೋಗಿ, ಅಲ್ಲಿ ಕೆಲಸಕ್ಕಿರೋ ಯಾರನ್ನಾದರೂ ಹಿಡಿದು ಅದೇ ಪ್ರಶ್ನೆಗಳನ್ನು ತೆಲುಗಿನಲ್ಲಿ ಕೇಳಬೇಕು ಅಂತ ಮಾತಾಗಿದೆ.