ಹಳಿ ಬೆಸುಗೆ: ನಾನು ಸೆಟ್ಟಿಂಗ್ ಕೂರಿಸುವ ಬಗೆ

ತುದಿಗಳನ್ನು ಕರೆಂಟಿನಿಂದ ಕಾಯಿಸಿ ಒಂದಕ್ಕೊಂದು ಒತ್ತಿ ಕೂಡಿಸುವ ಫ್ಲ್ಯಾಶ್ ಬಟ್ ಮೆಷಿನ್‌ನಲ್ಲಿ ರೈಲು ಹಳಿ ಬೆಸೆಯುವುದು ನನ್ನ ಕೆಲಸ. ಹೊಸಬರು ಬಂದ ಕೂಡಲೇ ಕೇಳುವುದು, "ಕರೆಂಟ್ ಎಷ್ಟು ಇಡಬೇಕು ಸಾರ್?" ಅಂತ. ನಾನು ಮೊದಲು ನೋಡುವುದು, ಬೆಸೆಯುವಾಗಿನ ಕರೆಂಟ್, ಹಳಿಯ ಸರಿತ, ಒತ್ತು ಎಲ್ಲವನ್ನೂ ಮೆಷಿನ್ ಬರೆದಿಡುವ ಗ್ರಾಫಿನ ಕೊನೆಯ ಕೆಲವು ಸೆಕೆಂಡುಗಳನ್ನು.

ಹಳಿಗಳ ತುದಿ ತಾಗಿದ ಕಡೆಯೆಲ್ಲ ಉಕ್ಕು ಕರಗಿ ಸಿಡಿಯುತ್ತದೆ. ಆ ಸಿಡಿತದಿಂದ ಏಳುವ ಆವಿಯೇ ಗಾಳಿಯನ್ನು ಒಳಗೆ ಬಿಡದೆ ತಡೆಯುತ್ತದೆ. ಅದಕ್ಕೇ ಕೊನೆಯಲ್ಲಿ ಹಳಿ ಸರಿಯುವ ವೇಗ ಹೆಚ್ಚಿಸುತ್ತೇವೆ. ಕಿಡಿ ಎಡೆಬಿಡದೆ ಹಾರಬೇಕು. ಅಲ್ಲಿ ಕಿಡಿ ತಡವರಿಸಿದರೆ, ಇಲ್ಲವೇ ಒತ್ತುವುದು ಅರೆಕ್ಷಣ ತಡವಾದರೆ, ಬಿಸಿ ಮುಖದ ಮೇಲೆ ಆಕ್ಸೈಡ್, ಅಂದರೆ ಗಾಳಿ ತಾಗಿ ಆಗುವ ತುಕ್ಕಿನಂಥ ಪದರ, ಕೂರುತ್ತದೆ. ಒತ್ತು ಸರಿಯಿದ್ದರೆ ಕರಗಿದ ಉಕ್ಕಿನ ಜೊತೆ ಅದೂ ಹೊರಗೆ ಬರುತ್ತದೆ. ಕಮ್ಮಿಯಾದರೆ ಒಳಗೇ ಉಳಿಯುತ್ತದೆ.

ಹೊರಗಿನಿಂದ ಇಂಥ ಜಾಯಿಂಟ್ ಚೆನ್ನಾಗೇ ಕಾಣುತ್ತೆ. ಬೆಂಡ್ ಟೆಸ್ಟ್‌ನಲ್ಲಿ ಮುರಿದಾಗ ಬಣ್ಣ ಬಯಲಾಗುತ್ತದೆ: ಹರಳು ಹರಳಾಗಿ ಹೊಳೆಯುವ ಮುಖದ ನಡುವೆ ಮಂಕಾದ, ಚಪ್ಪಟೆ ಕಲೆ. ಮುರಿದ ತುಂಡನ್ನೂ ಅದೇ ಬೆಸುಗೆಯ ಗ್ರಾಫನ್ನೂ ಪಕ್ಕಪಕ್ಕ ಇಟ್ಟುಕೊಂಡೇ ನಾನು ಸೆಟ್ಟಿಂಗ್ ಮುಟ್ಟುವುದು. ಅದೂ ಒಂದು ಸಲಕ್ಕೆ ಒಂದನ್ನೇ. ಎರಡು ಮೂರು ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತು ಅಂತ ಹೇಗೆ ಹೇಳೋದು?

ಬಿಸಿಯ ಲೆಕ್ಕ ಇನ್ನೊಂದು ತಲೆನೋವು. ಹಳಿಯ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ, ಸಾಮಾನ್ಯವಾಗಿ ಶೇ. 0.7–0.8ರಷ್ಟು. ತುದಿಯಷ್ಟೇ ಕಾದು ಹಿಂದಿನ ಭಾಗ ತಣ್ಣಗಿದ್ದರೆ ಬೆಸುಗೆ ಬೇಗ ಆರುತ್ತದೆ, ಗಾಜಿನಂತೆ ಪೆಡಸಾದ ಮಾರ್ಟೆನ್ಸೈಟ್ ಹುಟ್ಟಬಹುದು. ಹೆಚ್ಚು ಕಾಯಿಸಿದರೆ ಎರಡೂ ಬದಿಯ ಉಕ್ಕು ಅಗಲಕ್ಕೆ ಮೆತ್ತಗಾಗಿ, ಚಕ್ರ ಓಡಾಡಿ ಅಲ್ಲೇ ತಗ್ಗು ಬೀಳುತ್ತದೆ. ತಲೆಭಾಗ ಗಟ್ಟಿ ಮಾಡಿದ ಹಳಿಗಳಲ್ಲಂತೂ ಈ ತಗ್ಗಿನ ಕಾಟ ಜಾಸ್ತಿ. ಸಾದಾ ಹಳಿಯ ಸೆಟ್ಟಿಂಗನ್ನೇ ಅವಕ್ಕೂ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗ್ರಾಫ್ ನೋಡಿ ಪತ್ತೆಹಚ್ಚಲಾಗದ ದೋಷವೂ ಇದೆ. ಹಳಿಗೆ ಕರೆಂಟ್ ಹರಿಸುವ ಎಲೆಕ್ಟ್ರೋಡ್ ಕಚ್ಚುವ ಜಾಗದಲ್ಲಿ ತುಕ್ಕು ಉಳಿದಿದ್ದರೆ ಕರೆಂಟ್ ಅಲ್ಲೇ ಆರ್ಕ್ ಆಗಿ ಹಳಿ ಸುಡುತ್ತದೆ. ಕಲೆ ಚಿಕ್ಕದೇ, ಆದರೆ ಅದರಡಿ ಪೆಡಸು ಪದರ. ಮುಂದೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಅದಕ್ಕೇ ಬೆಸೆಯುವ ಮೊದಲು ಆ ಜಾಗವನ್ನು ಬೆಳ್ಳಗೆ ಹೊಳೆಯುವಂತೆ ಗ್ರೈಂಡ್ ಮಾಡಿಸುತ್ತೇನೆ. ಕ್ಲಾಂಪ್ ಬಿಟ್ಟ ಮೇಲೆ ಟಾರ್ಚ್ ಹಿಡಿದು ಎರಡೂ ಬದಿ ನೋಡುತ್ತೇನೆ. ಸುಟ್ಟ ಗುರುತು ಕಂಡರೆ ಆ ಜಾಯಿಂಟ್ ಮುಂದಕ್ಕೆ ಹೋಗುವುದಿಲ್ಲ, ಎಲೆಕ್ಟ್ರೋಡ್ ಒರೆಸುವ ತನಕ ಮೆಷಿನ್ನೂ ಓಡುವುದಿಲ್ಲ.