ಪುಟ್ಟ ಸ್ಪೋರ್ಟಿ ಕಾರು: ಓಡಿಸಿ ಹೋಲಿಸುವುದು ಹೇಗೆ?

ನನ್ನ ಗೆಳೆಯನೊಬ್ಬ ವರ್ಷಗಟ್ಟಲೆ ಆಸೆಪಟ್ಟು ಕೊಂಡ ಪುಟ್ಟ ಸ್ಪೋರ್ಟಿ ಕಾರನ್ನು ಎಂಟೇ ತಿಂಗಳಿಗೆ ಮಾರಿಬಿಟ್ಟ. ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಎಂಜಿನ್ ಚುರುಕು, ತಿರುವಿನಲ್ಲಿ ಹಿಡಿತ ಗಟ್ಟಿ. ಆದರೆ ಅವನು ದಿನಾ ಹೋಗಿಬರುವ ತೇಪೆ ರಸ್ತೆಯ ಒಂದೊಂದು ಗುಂಡಿಯೂ ನೇರ ಬೆನ್ನಿಗೇ ಬಡಿಯುತ್ತಿತ್ತು. ಹಿಂದೆ ಮಗುವಿನ ಸೀಟು ಕಟ್ಟಿದರೆ ಮುಂದೆ ಕೂತ ಹೆಂಡತಿಯ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಎರಡೂ ಅರ್ಧ ಗಂಟೆಯಲ್ಲಿ ಗೊತ್ತಾಗುವ ಸಂಗತಿಗಳೇ. ಕೊಳ್ಳುವ ಮೊದಲು ಅವನು ಟೆಸ್ಟ್ ಡ್ರೈವ್ ಮಾಡದೇ ಇರಲಿಲ್ಲ. ನುಣುಪಾದ ಹೊಸ ರಸ್ತೆಯಲ್ಲಿ, ಹತ್ತು ನಿಮಿಷ, ಪಕ್ಕದಲ್ಲಿ ಮಾರಾಟದವರ ಮಾತು ಕೇಳುತ್ತಾ ಮಾಡಿದ್ದ.

ಇದೇ ತಪ್ಪನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಅಂಕಿಅಂಶ ಹೋಲಿಸುವುದಕ್ಕೆ ವಾರಗಟ್ಟಲೆ ಕೂರುವವರು ಓಡಿಸಿ ಹೋಲಿಸುವ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಅದು ತಿರುಗುಮುರುಗಾಗಬೇಕು. ಈ ಬಗೆಯ ಕಾರಿನ ಖುಷಿ ನಿಮ್ಮ ದಿನದ ದಾರಿಯಲ್ಲಿ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಿಗಬೇಕು. ಅಲ್ಲಿ ಸಿಗದಿದ್ದರೆ ವರ್ಷಕ್ಕೆ ಮೂರು ದಿನ ಮಾತ್ರ ಸಿಗುತ್ತದೆ.

ಹೆಜ್ಜೆ 1: ಪಟ್ಟಿಯನ್ನು ಎರಡಕ್ಕೆ ಇಳಿಸಿ

ಈ ವರ್ಗದಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದು, ಹಿಂದಿನ ಸೀಟೂ ಡಿಕ್ಕಿಯೂ ಇರುವ, ಮುಂದಿನ ಚಕ್ರ ಎಳೆಯುವ ಹ್ಯಾಚ್‌ಬ್ಯಾಕ್: ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಫೋರ್ಡ್ ಫಿಯೆಸ್ಟಾ ಎಸ್‌ಟಿ, ಹ್ಯುಂಡೈ ಐ20 ಎನ್, ಸುಜುಕಿ ಸ್ವಿಫ್ಟ್ ಸ್ಪೋರ್ಟ್. ಎರಡು, ಹಿಂದಿನ ಚಕ್ರ ತಳ್ಳುವ, ಹೆಸರಿಗೆ ಮಾತ್ರ ಹಿಂದಿನ ಸೀಟಿರುವ, ಎರಡು ಬಾಗಿಲಿನ ಕೂಪೆ: ಟೊಯೊಟಾ ಜಿಆರ್86 ಮತ್ತು ಅದರ ಅವಳಿ ಸುಬಾರು ಬಿಆರ್‌ಜಡ್. ಮೂರು, ಎರಡೇ ಸೀಟಿನ, ಮೇಲ್ಛಾವಣಿ ತೆರೆಯುವ ಮಾಜ್ದಾ ಎಂಎಕ್ಸ್-5. ವಾರದಲ್ಲಿ ಎಷ್ಟು ದಿನ ಹಿಂದೆ ಯಾರಾದರೂ ಕೂರುತ್ತಾರೆ ಎಂದು ಪ್ರಾಮಾಣಿಕವಾಗಿ ಎಣಿಸಿ. ಎರಡು ದಿನಕ್ಕಿಂತ ಹೆಚ್ಚಾದರೆ ಹ್ಯಾಚ್‌ಬ್ಯಾಕ್ ಬಿಟ್ಟು ಬೇರೆ ನೋಡಬೇಡಿ.

ಫಿಯೆಸ್ಟಾದ ತಯಾರಿಕೆ 2023ರಲ್ಲಿ ನಿಂತಿತು. ಐ20 ಎನ್ ಮರುವರ್ಷ ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರೂ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಎಂಜಿನ್ನಿನ ಶಕ್ತಿ ಹೆಚ್ಚಿಸುತ್ತದೆಂದು ಮಾರುವ ಅಗ್ಗದ ಚಿಪ್ ಡಬ್ಬಿ ಹಾಕಿಸಿದ ಕಾರನ್ನು, ಅದನ್ನು ತೆಗೆದುಕೊಡುತ್ತೇವೆಂದರೂ, ಕೊಳ್ಳಬೇಡಿ. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಹೆಚ್ಚಿನ ಒತ್ತಡದಲ್ಲಿ ಆ ಎಂಜಿನ್ನೂ ಕ್ಲಚ್ಚೂ ಎಷ್ಟು ದಿನ ದುಡಿದಿವೆ ಎಂಬುದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಹೆಜ್ಜೆ 2: ಎರಡೇ ಅಂಕಿ ಬರೆದುಕೊಳ್ಳಿ

ಮೊದಲನೆಯದು ತೂಕ. 1976ರ ಮೊದಲ ಗಾಲ್ಫ್ ಜಿಟಿಐ 110 ಅಶ್ವಶಕ್ತಿಯದು, ತೂಕ ಸುಮಾರು 810 ಕಿಲೋ. ಎಂಟನೇ ತಲೆಮಾರಿನ ಜಿಟಿಐ 2020ರಲ್ಲಿ ಬಂದಾಗ 245 ಅಶ್ವಶಕ್ತಿಯದು, ತೂಕ 1,400 ಕಿಲೋ ದಾಟಿತ್ತು. 2017ರಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್‌ಗೆ 140 ಅಶ್ವಶಕ್ತಿ, ಸುಮಾರು 970 ಕಿಲೋ. ಒಂದು ಟನ್ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂಬ ಲೆಕ್ಕಕ್ಕೆ ತಂದರೆ ಮೊದಲ ಜಿಟಿಐಗೆ 136, ಸ್ವಿಫ್ಟ್‌ಗೆ 144, ಎಂಟನೇ ತಲೆಮಾರಿನ ಆ ಜಿಟಿಐಗೆ 170ರ ಆಸುಪಾಸು. ಪಿಕಪ್ ತಿಳಿಯಲು ಈ ಲೆಕ್ಕ ಸಾಕು. ಆದರೆ ಬ್ರೇಕ್ ಒತ್ತಿದಾಗ, ತಿರುವಿಗೆ ಇಳಿದಾಗ, ಟೈರು ಸವೆಯುವಾಗ ಮಾತಾಡುವುದು ಬರೀ ತೂಕ. ಹಗುರ ಕಾರಿಗೆ ಸಣ್ಣ ಟೈರು, ಮೆತ್ತನೆಯ ಸ್ಪ್ರಿಂಗು, ಸಣ್ಣ ಬ್ರೇಕು ಸಾಕಾಗುತ್ತದೆ. ಖರ್ಚೂ ಅಷ್ಟೇ ಇಳಿಯುತ್ತದೆ.

ಎರಡನೆಯದು ಟೈರಿನ ಮೇಲಿನ ಅಂಕಿ. 205/45 ಆರ್17 ಎಂದಿದ್ದರೆ ಟೈರಿನ ಅಗಲ 205 ಮಿ.ಮೀ., ಅದರ ಪಕ್ಕದ ಗೋಡೆಯ ಎತ್ತರ ಅಗಲದ ಶೇ 45, ಅಂದರೆ 92 ಮಿ.ಮೀ., ಒಳಗಿನ ರಿಮ್ 17 ಇಂಚು. ಆ ಗೋಡೆಯೇ ಗುಂಡಿಯ ಮೊದಲ ಏಟು ತಿನ್ನುವುದು. ಎಂಟನೇ ತಲೆಮಾರಿನ ಅದೇ ಜಿಟಿಐಯನ್ನು ನೋಡಿ: 17 ಇಂಚಿನಲ್ಲಿ 225/45, 18ರಲ್ಲಿ 225/40, 19ರಲ್ಲಿ 235/35. ಗೋಡೆ 101 ಮಿ.ಮೀ.ನಿಂದ 90ಕ್ಕೆ, ಅಲ್ಲಿಂದ 82ಕ್ಕೆ ಇಳಿಯುತ್ತದೆ. ಕಾರು ಒಂದೇ, ಸವಾರಿ ಮೂರು ಬಗೆ. ನನ್ನ ಸಲಹೆ ಖಚಿತ: ಆ ಕಾರಿಗೆ ಸಿಗುವ ಅತಿ ಸಣ್ಣ ರಿಮ್ಮನ್ನೇ ಆರಿಸಿ. ದೊಡ್ಡ ರಿಮ್ ನಿಂತ ಕಾರಿಗೆ ಚೆಂದ, ಓಡುವ ಕಾರಿಗಲ್ಲ.

ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬ ಅಂಕಿಯನ್ನು ಬರೆದುಕೊಳ್ಳಲೇಬೇಡಿ. ನಿಂತಲ್ಲಿಂದ ಎಂಜಿನ್ ಅಬ್ಬರಿಸಿ ಕ್ಲಚ್ ಬಿಟ್ಟು ಪಡೆದ ಅಂಕಿ ಅದು. ನೀವು ಯಾವತ್ತೂ ಹಾಗೆ ಹೊರಡುವುದಿಲ್ಲ.

ಹೆಜ್ಜೆ 3: ನಿಂತ ಕಾರಿಗೆ ನಿಮ್ಮ ಸಾಮಾನು ತುಂಬಿ

ಮಗುವಿನ ಸೀಟು, ತಳ್ಳುಗಾಡಿ, ನೀವು ನಿಜಕ್ಕೂ ಬಳಸುವ ಸೂಟ್‌ಕೇಸ್ ಒಯ್ಯಿರಿ. ಸಂಕೋಚ ಬೇಡ. ಡಿಕ್ಕಿಯ ಲೀಟರ್ ಲೆಕ್ಕ ಒಳಗಿನ ಜಾಗ ಹೇಳುತ್ತದೆ, ಬಾಯಿಯ ಅಗಲ ಹೇಳುವುದಿಲ್ಲ. ಎಂಎಕ್ಸ್-5ರ ಡಿಕ್ಕಿ ಸುಮಾರು 130 ಲೀಟರ್. ಗಟ್ಟಿ ಪೆಟ್ಟಿಗೆ ಕಷ್ಟ, ಮೆತ್ತನೆಯ ಚೀಲ ಎರಡು ಸಲೀಸು. ನಾಲ್ಕು ಚಕ್ರಕ್ಕೂ ಎಳೆತವಿರುವ ಟೊಯೊಟಾ ಜಿಆರ್ ಯಾರಿಸ್‌ನದು ಹ್ಯಾಚ್‌ಬ್ಯಾಕ್ ಆದರೂ 174 ಲೀಟರ್ ಅಷ್ಟೆ. ಜಿಆರ್86ರಲ್ಲಿ ಹಿಂದಿನ ಸೀಟಿನ ಬೆನ್ನು ಮಡಚಿದರೆ ನಾಲ್ಕು ಬಿಡಿ ಚಕ್ರಗಳೇ ಹಿಡಿಸುತ್ತವೆ, ರೇಸ್ ಟ್ರ್ಯಾಕಿಗೆ ಹೋಗುವವರನ್ನು ನೆನೆದೇ ಹಾಗೆ ಮಾಡಿದ್ದಾರೆ. ಹಿಂದೆ ದೊಡ್ಡವರೊಬ್ಬರು ಕೂರುವ ಮಾತು ಮಾತ್ರ ಬೇಡ.

ಸೀಟಿಗೆ ಐದು ಸಲ ಇಳಿದು ಹತ್ತಿ. ಸ್ಪೋರ್ಟ್ ಸೀಟಿನ ತೊಡೆಯ ಪಕ್ಕದ ಉಬ್ಬು ಪ್ರತಿ ಸಲ ಪ್ಯಾಂಟಿಗೆ ಸಿಕ್ಕಿಕೊಂಡರೆ ಆರು ತಿಂಗಳಲ್ಲಿ ಅದು ನಿಮ್ಮ ಸಹನೆ ತಿನ್ನುತ್ತದೆ. ದಿನಾ ಹಾಕುವ ಚಪ್ಪಲಿಯಲ್ಲೋ ಶೂನಲ್ಲೋ ಪೆಡಲ್ ಒತ್ತಿ ನೋಡಿ. ಹಿಂದಿನ ಗಾಜಿನಿಂದ ಏನು ಕಾಣುತ್ತದೆ ಎಂದೂ ನೋಡಿ. ಇಷ್ಟೇ.

ಹೆಜ್ಜೆ 4: ಓಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೋಗೋಣ.

ಎರಡೂ ಕಾರನ್ನು ಒಂದೇ ದಿನ, ಒಂದೇ ದಾರಿಯಲ್ಲಿ ಓಡಿಸಬೇಕು. ದಾರಿ ನಿಮ್ಮದಾಗಿರಲಿ, ಮಾರುವವರು ತೋರಿಸಿದ್ದು ಬೇಡ. ಅದರಲ್ಲಿ ಒಂದು ಕೆಟ್ಟ ರಸ್ತೆ, ಒಂದೆರಡು ಹಂಪ್, ಒಂದು ವೃತ್ತ, ವೇಗ ಹಿಡಿಯುವ ಹೆದ್ದಾರಿಯ ತುಣುಕು, ಕೊನೆಗೆ ಪಾರ್ಕಿಂಗ್ ಇರಬೇಕು. ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ಗಾಳಿ ನೋಡಿ, ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟೇ ತುಂಬಿಸಿ. ಗಾಳಿ ಮೀರಿ ತುಂಬಿದ್ದರೆ ಒಳ್ಳೆಯ ಸಸ್ಪೆನ್ಷನ್ ಕೂಡ ಒರಟೆನಿಸುತ್ತದೆ. ಟೈರಿನ ಮೇಲೆ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ ಹುಟ್ಟಿದ್ದು. ಒಂದು ಕಾರಿಗೆ ಹೊಸ ಟೈರು, ಇನ್ನೊಂದಕ್ಕೆ ಕಲ್ಲಾದ ಹಳೇ ಟೈರು ಇದ್ದರೆ ನೀವು ಟೈರು ಹೋಲಿಸುತ್ತಿದ್ದೀರಿ, ಕಾರನ್ನಲ್ಲ. ರೇಡಿಯೊ ಆರಿಸಿ. ಪಕ್ಕದವರಿಗೆ ಅರ್ಧ ಗಂಟೆ ಮಾತು ಬೇಡವೆಂದು ನಯವಾಗಿ ಹೇಳಿ. ಸ್ಪೋರ್ಟ್ ಮೋಡ್ ಮುಟ್ಟಬೇಡಿ. ಸಾಧಾರಣ ಮೋಡ್‌ನಲ್ಲಿ ಹಿತವಾಗದ ಕಾರು ಗುಂಡಿ ಒತ್ತಿದರೆ ಹಿತವಾಗುವುದಿಲ್ಲ.

ಮೊದಲು ಟ್ರಾಫಿಕ್ಕು. ಕ್ಲಚ್ಚನ್ನು ಮಾತ್ರ ಬಿಡುತ್ತಾ, ಆಕ್ಸಲರೇಟರ್ ಮುಟ್ಟದೆ ಕಾರು ತೆವಳಲಿ. ಎಲ್ಲಿ ಹಿಡಿಯುತ್ತದೆ ಎಂದು ಪಾದಕ್ಕೆ ಗೊತ್ತಾಗಬೇಕು. ಹತ್ತು ನಿಮಿಷ ಹೀಗೆ ಸಾಗಿದ ಮೇಲೆ ಮೊಣಕಾಲು ಏನು ಹೇಳುತ್ತದೆ ಕೇಳಿ.

ಆಮೇಲೆ ಕೆಟ್ಟ ರಸ್ತೆ, 30ರ ವೇಗ. ಇಲ್ಲಿ ಒಂದು ವ್ಯತ್ಯಾಸ ಅರಿಯಬೇಕು. ಬಿಗಿ ಬೇರೆ, ಒರಟು ಬೇರೆ. ಹಂಪ್ ದಾಟಿದ ಮೇಲೆ ಕಾರಿನ ಮೈ ಒಮ್ಮೆ ಇಳಿದು, ಎದ್ದು, ನಿಂತುಬಿಟ್ಟರೆ ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರ್ ತನ್ನ ಕೆಲಸ ಬಲ್ಲದು ಎಂದರ್ಥ, ಎಷ್ಟೇ ಬಿಗಿಯಾಗಿರಲಿ. ಎರಡು ಮೂರು ಸಲ ತೂಗಿದರೆ ಸಡಿಲ. ಮೈ ಅಲುಗದೆ ಏಟು ಮಾತ್ರ ಮೇಲೆ ಬಂದರೆ ಒರಟು, ಅದಕ್ಕೆ ಮದ್ದಿಲ್ಲ. ನಾನು ಒಂದು ಉಪಾಯ ಮಾಡುತ್ತೇನೆ. ಅರ್ಧ ತುಂಬಿದ ಪಾರದರ್ಶಕ ನೀರಿನ ಬಾಟಲಿಯನ್ನು ಕಪ್ ಹೋಲ್ಡರಿನಲ್ಲಿ ಇಟ್ಟು, ಪಕ್ಕ ಕೂತವರಿಗೆ ಅದನ್ನೇ ನೋಡುತ್ತಿರಲು ಹೇಳುತ್ತೇನೆ. ಒಳ್ಳೆಯ ಸಸ್ಪೆನ್ಷನ್ನಿನಲ್ಲಿ ನೀರು ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಓಲಾಡುತ್ತದೆ. ಅಡ್ಡಡ್ಡ ಚಿಮ್ಮಿ ಗೋಡೆಗೆ ಬಡಿಯುತ್ತಿದ್ದರೆ ನಿಮ್ಮ ತಲೆಯೂ ಹಾಗೇ ಆಚೀಚೆ ಎಗರುತ್ತಿದೆ. ಹೊಸ ಕಾರಿನ ಉಮೇದಿನಲ್ಲಿ ನಿಮಗದು ಗೊತ್ತಾಗುತ್ತಿಲ್ಲ ಅಷ್ಟೆ.

ಸ್ಟೀರಿಂಗಿಗೆ ಬನ್ನಿ. 50ರಲ್ಲಿ ನೇರ ಹೋಗುತ್ತಾ, ಹಿಂದೆ ಮುಂದೆ ಯಾರೂ ಇಲ್ಲದಾಗ, ಎರಡು ಬೆರಳಿನಷ್ಟು ತಿರುಗಿಸಿ. ಮೂತಿ ತಕ್ಷಣ ಬರುತ್ತದೋ, ಮೊದಲು ಒಂದಿಷ್ಟು ಖಾಲಿ ಸುತ್ತು ಇದೆಯೋ? ವೃತ್ತದಲ್ಲಿ ಒಂದೇ ಕೋನ ಹಿಡಿದು ಸುತ್ತಿ, ಕೈ ಎಷ್ಟು ಸಲ ತಿದ್ದಿತು ಎಣಿಸಿ. ತಿದ್ದುವ ಅಗತ್ಯವೇ ಬಾರದ ಕಾರು ನಿಮ್ಮ ಕೈಯ ಮಾತು ಕೇಳುತ್ತದೆ. ತಿರುವು ಹೆಚ್ಚಿದಂತೆ ಸ್ಟೀರಿಂಗ್ ಭಾರವೂ ಹೆಚ್ಚಬೇಕು. ಎಲ್ಲ ಕೋನಕ್ಕೂ ಒಂದೇ ಭಾರವಿದ್ದರೆ ಅದು ಮೋಟಾರು ಹಾಕಿದ ಕೃತಕ ಭಾರ. ಸ್ಪೋರ್ಟ್ ಮೋಡ್ ಬಹಳ ಸಲ ಕೊಡುವುದು ಇದನ್ನೇ, ಇದಕ್ಕೆ ಮರುಳಾಗಬೇಡಿ.

ಬ್ರೇಕು: 30ರಲ್ಲಿ ಮೆಲ್ಲಗೆ ಒತ್ತಿ, ತಲೆ ಮುಂದಕ್ಕೆ ವಾಲದಂತೆ ನಿಲ್ಲಿಸಲು ಯತ್ನಿಸಿ. ಮೊದಲ ಸೆಂಟಿಮೀಟರಿಗೇ ಕಚ್ಚುವ ಬ್ರೇಕು ಶೋರೂಮಿನ ಸುತ್ತ ಬಲವಾಗಿ ಕಾಣುತ್ತದೆ, ಊರೊಳಗೆ ಹಿಂಸೆ.

ಗೇರನ್ನು ಎರಡರಿಂದ ಮೂರಕ್ಕೆ ಹಾಕುವಾಗ ಲಿವರನ್ನು ಮುಷ್ಟಿಯಲ್ಲಿ ಹಿಡಿಯದೆ ಬಿಚ್ಚಿದ ಅಂಗೈಯಿಂದ ತಳ್ಳಿ. ಒಳ್ಳೆಯ ಗೇರ್‌ಬಾಕ್ಸು ತಾನೇ ಮಧ್ಯಕ್ಕೆ ಬಂದು ಮೂರಕ್ಕೆ ಜಾರಿಕೊಳ್ಳುತ್ತದೆ. ಎಂಎಕ್ಸ್-5ನಲ್ಲಿ ಇದನ್ನೊಮ್ಮೆ ಮಾಡಿದರೆ ಉಳಿದ ಗೇರುಗಳನ್ನು ಅಳೆಯುವ ಕೋಲು ನಿಮ್ಮ ಅಂಗೈಗೆ ಸಿಕ್ಕಿಬಿಡುತ್ತದೆ. ಅದನ್ನು ಕೊಳ್ಳುವ ಉದ್ದೇಶವಿಲ್ಲದಿದ್ದರೂ ಸಾಧ್ಯವಾದರೆ ಒಮ್ಮೆ ಓಡಿಸಿ.

ಈಗ ಮೂರನೇ ಗೇರಿನಲ್ಲಿ 40ರಿಂದ ಪೂರ್ತಿ ಒತ್ತಿ. ಟರ್ಬೊ ಎಚ್ಚರಾಗುವವರೆಗೆ ಮನಸ್ಸಿನಲ್ಲೇ ಎಣಿಸಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆ ಹೊತ್ತಿಗೆ ಸ್ಟೀರಿಂಗ್ ಒಂದು ಕಡೆ ಜಗ್ಗುತ್ತದೆಯೇ ಗಮನಿಸಿ. ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರದ ಮೇಲೆ ಭಾರ ಕಡಿಮೆ. ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಸಾದಾ ಆಗಿದ್ದರೆ ಆ ಚಕ್ರ ಸುಮ್ಮನೆ ಗಿರಕಿ ಹೊಡೆದು ಶಕ್ತಿ ಪೋಲಾಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಆ ಶಕ್ತಿಯನ್ನು ಹೊರಗಿನ ಚಕ್ರಕ್ಕೆ ದಾಟಿಸುತ್ತದೆ, ಮೂತಿ ಒಳಕ್ಕೆ ಎಳೆದಂತಾಗುತ್ತದೆ. ಫಿಯೆಸ್ಟಾ ಎಸ್‌ಟಿ, ಐ20 ಎನ್ ಎರಡರಲ್ಲೂ ಇದು ಸಿಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಫಿಯೆಸ್ಟಾ ಆದರೆ ಇದೆಯೇ ಎಂದು ಕೇಳಿಯೇ ನೋಡಿ, ಎಲ್ಲ ಕಾರಿಗೂ ಹಾಕಿರಲಿಲ್ಲ.

ತಿರುವಿನ ಮಧ್ಯೆ ಆಕ್ಸಲರೇಟರ್ ಥಟ್ಟನೆ ಬಿಟ್ಟು ಬಾಲ ಆಡಿಸುವ ಪ್ರಯೋಗವನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡಲೇಬೇಡಿ. 1984ರ ಪೂಜೋ 205 ಜಿಟಿಐ ಈ ಗುಣಕ್ಕೇ ಹೆಸರಾಗಿತ್ತು. ಹಾಗೆ ಮಾಡಿ ರಸ್ತೆ ಬಿಟ್ಟು ಹಿಂದುಮುಂದಾಗಿ ಇಳಿದವರೂ ಕಡಿಮೆಯಿಲ್ಲ.

ಕೊನೆಗೆ ಹೆದ್ದಾರಿಯಲ್ಲಿ ಹದಿನೈದು ನಿಮಿಷ ಒಂದೇ ವೇಗದಲ್ಲಿ ಸಾಗಿ, ಪಕ್ಕದವರೊಂದಿಗೆ ಮಾಮೂಲಿ ದನಿಯಲ್ಲಿ ಮಾತಾಡಿ. ದನಿ ಏರಿಸಬೇಕಾಗಿ ಬಂದರೆ ದೂರದ ಪ್ರಯಾಣ ದಣಿಸುತ್ತದೆ. ಸ್ಪೀಕರಿನಿಂದ ಎಂಜಿನ್ನಿನ ಸದ್ದು ಹೊರಡಿಸುವ ಕಾರುಗಳಿವೆ. ಅದನ್ನು ಆರಿಸುವ ಸೌಲಭ್ಯ ಇದೆಯೇ ಕೇಳಿ, ಇದ್ದರೆ ಆರಿಸಿ ಕೇಳಿ.

ಇಳಿದ ಕೂಡಲೇ, ಇನ್ನೊಂದು ಕಾರಿನ ಬಾಗಿಲು ತೆರೆಯುವ ಮೊದಲೇ ಮೂರು ಸಾಲು ಬರೆದಿಡಿ: ಏನು ಖುಷಿ ಕೊಟ್ಟಿತು, ಏನು ಕಿರಿಕಿರಿ, ಎಲ್ಲಿ ನೋವು. ಎರಡನೆಯ ಕಾರನ್ನೂ ಹೀಗೇ ಓಡಿಸಿ. ಆಮೇಲೆ ಮೊದಲನೆಯದನ್ನು ಮತ್ತೆ ಓಡಿಸಿ. ಈ ಮೂರನೇ ಸುತ್ತನ್ನು ಯಾರೂ ಮಾಡುವುದಿಲ್ಲ, ಫಲ ಇರುವುದು ಅದರಲ್ಲೇ. ಹೊಸತನದ ಬೆರಗು ಅಷ್ಟರಲ್ಲಿ ಇಳಿದಿರುತ್ತದೆ. ಮೊದಲ ಸುತ್ತಿನಲ್ಲಿ ಮಂಕಾಗಿ ಕಂಡ ಕಾರು ಆಗ ಎಷ್ಟೋ ಸಲ ಮನಸ್ಸಿಗೆ ಹತ್ತಿರವಾಗುತ್ತದೆ. ಸ್ವಿಫ್ಟ್ ಸ್ಪೋರ್ಟ್ ನನ್ನ ವಿಷಯದಲ್ಲಿ ಹಾಗೇ ಆಯಿತು.

ಹೆಜ್ಜೆ 5: ಬಾಡಿಗೆಗೆ ಸಿಕ್ಕರೆ ಎರಡು ದಿನ ಮನೆಯಲ್ಲಿ ಇಟ್ಟುಕೊಳ್ಳಿ

ಮನೆಯ ಇಳಿಜಾರಿನಲ್ಲಿ ಹೊಟ್ಟೆ ತಾಗುತ್ತದೆಯೇ, ಬೆಳಿಗ್ಗೆ ಚಳಿಯಲ್ಲಿ ಗೇರು ಬೀಳುತ್ತದೆಯೇ ತಿಳಿಯುತ್ತದೆ.

ಹೆಜ್ಜೆ 6: ಆರಿಸಿ

ಎರಡರ ನಡುವೆ ಮನಸ್ಸು ಡೋಲಾಯಮಾನವಾದರೆ ಹಗುರವಾದದ್ದನ್ನು, ಸಣ್ಣ ರಿಮ್ಮಿನದನ್ನು, ಕೈಗೇರಿನದನ್ನು ಆರಿಸಿ. ಹಿಂದೆ ಯಾರೂ ಕೂರುವುದಿಲ್ಲವೆಂದರೆ ನಾನು ಎಂಎಕ್ಸ್-5 ಬಿಟ್ಟು ಜಿಆರ್86 ಹಿಡಿಯುತ್ತೇನೆ. ಚಳಿ, ಮಳೆ, ಸಾಮಾನು ಮೂರಕ್ಕೂ ಗಟ್ಟಿ ಛಾವಣಿಯೇ ವಾಸಿ. ಮಕ್ಕಳಿದ್ದರೆ ಐದು ಬಾಗಿಲಿನ ಹ್ಯಾಚ್‌ಬ್ಯಾಕ್, ಬೇರೆ ಮಾತಿಲ್ಲ.

ಕೊಂಡ ಮೇಲೆ ಮೂರು ತಿಂಗಳು ಏನನ್ನೂ ಬದಲಿಸಬೇಡಿ. ಕಾರನ್ನು ನೆಲಕ್ಕೆ ತಗ್ಗಿಸುವ ಅಗ್ಗದ ಸ್ಪ್ರಿಂಗುಗಳನ್ನು ಆಮೇಲೂ ಹಾಕಿಸಬೇಡಿ. ಸಸ್ಪೆನ್ಷನ್ ಆಡಲು ಇರುವ ಜಾಗವನ್ನು ಅವು ನುಂಗುತ್ತವೆ, ಕಂಪನಿಯ ಡ್ಯಾಂಪರು ಅವಕ್ಕೆ ಹೊಂದುವುದಿಲ್ಲ, ನೀರಿನ ಬಾಟಲಿ ಮತ್ತೆ ಅಡ್ಡಡ್ಡ ಚಿಮ್ಮತೊಡಗುತ್ತದೆ. ಆ ಹಣವನ್ನು ಎತ್ತಿಟ್ಟು, ಮೊದಲ ಟೈರು ಸವೆದಾಗ ಅದೇ ಅಳತೆಯ ಒಳ್ಳೆಯ ಟೈರು ನಾಲ್ಕಕ್ಕೆ ನಾಲ್ಕೂ ಒಟ್ಟಿಗೆ ಹಾಕಿಸಿ.