ಹಡಗಿನ ಈಪರ್ಬ್ ಅನ್ನು ನಾನು ನೋಡಿಕೊಳ್ಳುವ ಬಗೆ

ನಾನು ವ್ಯಾಪಾರಿ ಹಡಗಿನಲ್ಲಿ ಸೆಕೆಂಡ್ ಆಫೀಸರ್. ರೇಡಿಯೊ, ಉಪಗ್ರಹ ಉಪಕರಣಗಳೆಲ್ಲ ನನ್ನ ಸುಪರ್ದಿಯಲ್ಲಿವೆ. ಅವುಗಳಲ್ಲಿ ನನಗೆ ಜಾಸ್ತಿ ಕಾಳಜಿ ಈಪರ್ಬ್ ಮೇಲೆ, ಅಂದರೆ ಹಡಗು ಅಪಾಯದಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ ಪುಟ್ಟ ಉಪಕರಣದ ಮೇಲೆ. ಇನ್‌ಮಾರ್ಸಾಟ್ ಎಂಬ ಉಪಗ್ರಹ ಸಂಪರ್ಕದ ಸೆಟ್ಟಿನ ಡಿಸ್ಟ್ರೆಸ್ (ಅಪಾಯದ ಕರೆ) ಗುಂಡಿಯನ್ನು ಯಾರಾದರೂ ಒತ್ತಿ ಹಿಡಿಯಬೇಕು. ಈಪರ್ಬ್‌ಗೆ ಯಾರೂ ಬೇಕಿಲ್ಲ. ಹಡಗು ಮುಳುಗಿದರೆ 4 ಮೀಟರ್ ಆಳದೊಳಗೇ ನೀರಿನ ಒತ್ತಡಕ್ಕೆ ಅದನ್ನು ಹಿಡಿದಿಟ್ಟ ಹೈಡ್ರೋಸ್ಟಾಟಿಕ್ ರಿಲೀಸ್ ಎಂಬ ಕೊಂಡಿ ಬಿಚ್ಚಿಕೊಳ್ಳುತ್ತದೆ. ಈಪರ್ಬ್ ತೇಲಿ ಮೇಲೆ ಬಂದು, 406 ಮೆಗಾಹರ್ಟ್ಸ್‌ನಲ್ಲಿ ಕಾಸ್ಪಾಸ್-ಸರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳಿಗೆ ಸಿಗ್ನಲ್ ಕಳಿಸುತ್ತದೆ. ಬ್ಯಾಟರಿ ಕನಿಷ್ಠ 48 ಗಂಟೆ ಬರಬೇಕು.

ಪ್ರತಿ ತಿಂಗಳ ತಪಾಸಣೆಯಲ್ಲಿ ನಾನು ಮೊದಲು ನೋಡುವುದು ಅದರ ಹಗ್ಗವನ್ನು. ಗಾಳಿಗೆ ಹಾರಿಹೋಗದಿರಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಅದನ್ನು ರೇಲಿಂಗ್‌ಗೆ ಕಟ್ಟಿರುತ್ತಾರೆ. ಹಾಗೆ ಕಟ್ಟಿದರೆ ಹಡಗಿನ ಜೊತೆ ಅದೂ ಮುಳುಗುತ್ತದೆ, ಅಲ್ವಾ? ಆ ಹಗ್ಗ ಇರುವುದು ಲೈಫ್‌ರಾಫ್ಟ್‌ಗೆ (ಜೀವರಕ್ಷಕ ತೆಪ್ಪಕ್ಕೆ) ಕಟ್ಟಿಕೊಳ್ಳಲು. ಇದನ್ನು ಹೊಸಬರಿಗೆ ಕೈಯಲ್ಲಿ ಹಿಡಿಸಿಯೇ ತೋರಿಸುತ್ತೇನೆ. ಮೇಲೇಳುವ ದಾರಿಗೆ ಅಡ್ಡವಾಗಿ ತಂತಿ, ಚಾವಣಿ ಇರಬಾರದು. ರಿಲೀಸ್ ಮತ್ತು ಬ್ಯಾಟರಿಯ ಅವಧಿ ನೋಡಿ, ಸೆಲ್ಫ್ ಟೆಸ್ಟ್ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸೆಲ್ಫ್ ಟೆಸ್ಟ್‌ನಿಂದ ಅಲರ್ಟ್ ಹೋಗುವುದಿಲ್ಲ. ಅಕಸ್ಮಾತ್ ನಿಜವಾದ ಸ್ವಿಚ್ ಆನ್ ಆದರೆ ಸುಮ್ನೆ ಆಫ್ ಮಾಡಿ ಕೂರುವಂತಿಲ್ಲ. ತಕ್ಷಣ ರಕ್ಷಣಾ ಸಮನ್ವಯ ಕೇಂದ್ರಕ್ಕೆ ತಿಳಿಸಬೇಕು. ಇಲ್ಲದಿದ್ದರೆ ಅವರು ಹುಡುಕಾಟ ಶುರು ಮಾಡುತ್ತಾರೆ.

ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಸಿಗ್ನಲ್‌ನಲ್ಲಿ ಹಡಗಿನ ಕಥೆಯೇನೂ ಇರುವುದಿಲ್ಲ. ಒಂದು ಕೋಡ್, ಕೆಲವು ಮಾದರಿಗಳಲ್ಲಿ ಜಿಪಿಎಸ್ ಸ್ಥಾನ, ಅಷ್ಟೇ. ಬರುವ ಅಲರ್ಟ್‌ಗಳಲ್ಲಿ ಹೆಚ್ಚಿನವು ಸುಳ್ಳು. ಹಾಗಾಗಿ ಕೇಂದ್ರದವರು ಕೋಡ್ ಹಿಡಿದು ನೋಂದಣಿ ಹುಡುಕಿ, ಅಲ್ಲಿರುವ ನಂಬರಿಗೆ ಫೋನ್ ಮಾಡುತ್ತಾರೆ. ಎತ್ತಿದವರು "ಹೌದು, ನಮ್ಮ ಹಡಗು ಅಲ್ಲೇ ಇದೆ, ಇಷ್ಟು ಜನ ಇದ್ದಾರೆ" ಎಂದರೆ ಎಷ್ಟೋ ಸಮಯ ಉಳಿಯುತ್ತದೆ.

ಒಮ್ಮೆ ಆಗಷ್ಟೇ ಕೈಬದಲಾದ ಹಡಗು ಹತ್ತಿದ್ದೆ. ಬಾವುಟ ಬದಲಾಗಿತ್ತು, ರೇಡಿಯೊದಲ್ಲಿ ಹಡಗನ್ನು ಗುರುತಿಸುವ ಎಂಎಂಎಸ್‌ಐ ನಂಬರೂ ಬದಲಾಗಿತ್ತು. ಈಪರ್ಬ್ ಲೇಬಲ್‌ನಲ್ಲಿ ಮಾತ್ರ ಹಳೇ ನಂಬರೇ ಇತ್ತು, ಅಂದರೆ ಅದರ ಕೋಡೂ ಹಳೆಯದೇ. ಸೆಲ್ಫ್ ಟೆಸ್ಟ್‌ನಲ್ಲಿ ಅದು ಸಲೀಸಾಗಿ ಪಾಸಾಗುತ್ತಿತ್ತು. ಕ್ಯಾಪ್ಟನ್‌ಗೆ ತೋರಿಸಿದೆ. ಮುಂದಿನ ಬಂದರಿನಲ್ಲೇ ಟೆಕ್ನಿಷಿಯನ್ ಬಂದು ಹೊಸ ಕೋಡ್ ಹಾಕಿದರು. ನೋಂದಣಿಗೆ ಕಂಪನಿಯವರು ಆಫೀಸಿನ ನಂಬರ್ ಕೊಟ್ಟಿದ್ದರು. ರಾತ್ರಿ ಅದನ್ನು ಎತ್ತುವವರು ಯಾರೂ ಇರಲಿಲ್ಲ. ಹಟ ಹಿಡಿದು, ಹಗಲುರಾತ್ರಿ ಎತ್ತುವ ಡ್ಯೂಟಿ ಫೋನಿನ ನಂಬರನ್ನೇ ಸೇರಿಸಿಸಿದೆ.